ಹಿಂಬರಹ ಕೇಳಿ ಪಡೆಯಿರಿ

ದೂರ ಶಿಕ್ಷಣದಲ್ಲಿ ಓದುವವರು ಯಾರು ಎಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾತ್ರಿ ಪಾಳಿ ಮುಗಿಸಿ ಡಿಪೋದ ಬೆಂಚಿನ ಮೇಲೆ ಬಿ.ಎ. ಪುಸ್ತಕ ಬಿಚ್ಚುವ ಬಸ್ ಕಂಡಕ್ಟರು, ಬಡ್ತಿಗೆ ಡಿಗ್ರಿ ಬೇಕೆಂದು ನಲವತ್ತು ದಾಟಿದ ಮೇಲೆ ಅರ್ಜಿ ಹಾಕಿದ ಪಂಚಾಯಿತಿ ನೌಕರ, ಪಿಯುಸಿ ಮುಗಿಯುತ್ತಲೇ ಮದುವೆಯಾಗಿ, ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಮತ್ತೆ ಓದು ಹಿಡಿದ ಗೃಹಿಣಿ. ಇವರೆಲ್ಲ ಒಂದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದರೂ ಒಬ್ಬರ ಮುಖ ಇನ್ನೊಬ್ಬರು ನೋಡಿರುವುದಿಲ್ಲ. ರೆಗ್ಯುಲರ್ ಕಾಲೇಜಿನ ಹುಡುಗರಿಗೆ ರಿಸಲ್ಟ್ ಬರದಿದ್ದರೆ ಗುಂಪುಕಟ್ಟಿಕೊಂಡು ಆಫೀಸಿನ ಕಿಟಕಿಯ ಮುಂದೆ ನಿಲ್ಲುತ್ತಾರೆ. ಜೋರಾಗಿ ಮಾತಾಡುತ್ತಾರೆ, ಪ್ರಿನ್ಸಿಪಾಲರು ಹೊರಗೆ ಬರುತ್ತಾರೆ, ಏನೋ ಒಂದು ದಾರಿಯಾಗುತ್ತದೆ. ದೂರ ಶಿಕ್ಷಣದವರಿಗೆ ಆ ಕಿಟಕಿಯೇ ಇಲ್ಲ. ಅವರ ಪರವಾಗಿ ಕಚೇರಿಯೊಳಗೆ ಹೋಗಿ ಕೂರುವುದು ಅವರು ಬರೆದ ಕಾಗದ ಮಾತ್ರ. ಆ ಕಾಗದ ಹೇಗಿರಬೇಕು, ಯಾರ ಮೇಜಿಗೆ ಹೋಗಬೇಕು, ಅಲ್ಲಿ ಕೆಲಸವಾಗದಿದ್ದರೆ ಮುಂದೆ ಎಲ್ಲಿಗೆ ಎಂಬುದೇ ಇವತ್ತಿನ ಮಾತು.

ಈ ಶಿಕ್ಷಣ ಶುರುವಾದದ್ದೇ ಅಂಚೆಯ ಮೂಲಕ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದವು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಲ್ಲಿ ಬಂತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಈಗ ಪಾಠ ಮೊಬೈಲಿಗೆ ಬರುತ್ತದೆ, ಶುಲ್ಕ ಮೊಬೈಲಿನಿಂದಲೇ ಹೋಗುತ್ತದೆ. ತಕರಾರು ಎದ್ದಾಗ ಮಾತ್ರ ವಿದ್ಯಾರ್ಥಿ ಫೋನು ಹಿಡಿದುಕೊಂಡು ಕೂರುತ್ತಾನೆ. ಫೋನಿನಲ್ಲಿ ಆಡಿದ ಮಾತಿಗೆ ಕಡತದಲ್ಲಿ ಜಾಗವಿಲ್ಲ ಎಂಬುದು ಅವನಿಗೆ ತಿಳಿಯುವ ಹೊತ್ತಿಗೆ ಒಂದು ಸೆಮಿಸ್ಟರ್ ಕಳೆದಿರುತ್ತದೆ.

ಕೆಲವು ವರ್ಷ ನಾನು ಒಂದು ಅಧ್ಯಯನ ಕೇಂದ್ರದ ಕೆಲಸ ನೋಡಿಕೊಂಡಿದ್ದೆ. ಆಗ ಹಾವೇರಿ ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ ತಮ್ಮ ದೂರಿನ ಕಾಗದ ತೋರಿಸಲು ಬಂದಿದ್ದರು. ಅವರು ಓದುತ್ತಿದ್ದದ್ದು ಬೇರೊಂದು ಸಂಸ್ಥೆಯಲ್ಲಿ. ಎರಡನೇ ವರ್ಷದ ಎಲ್ಲ ಪತ್ರಿಕೆ ಪಾಸಾಗಿದ್ದರೂ ಸಮಾಜಶಾಸ್ತ್ರದ ಅಸೈನ್‌ಮೆಂಟ್ ಅಂಕ ಏರದೆ ಫಲಿತಾಂಶದ ಮುಂದೆ ‘ಅಪೂರ್ಣ’ ಎಂದು ಬಂದಿತ್ತು. ಅವರ ಸ್ಟಡಿ ಸೆಂಟರಿಗೆ ಹೋದರೆ, “ನಮ್ಮ ಕಡಿಂದ ಎಲ್ಲಾ ಕಳಿಸೇವ್ರಿ ಮೇಡಮ್, ಹೆಡ್ಡಾಫೀಸಿನ್ಯಾಗ ಕೇಳ್ರಿ” ಎನ್ನುತ್ತಿದ್ದರಂತೆ. ಹೆಡ್ಡಾಫೀಸಿಗೆ ಫೋನು ಮಾಡಿದರೆ, “ನಿಮ್ಮ ಸೆಂಟರಿನವರು ಕಳಿಸಿಲ್ಲ ಮೇಡಂ, ಅಲ್ಲೇ ವಿಚಾರಿಸಿ” ಎಂಬ ಉತ್ತರ. ದೂರ ಶಿಕ್ಷಣದಲ್ಲಿ ಓದಿದ ಯಾರನ್ನಾದರೂ ಕೇಳಿ, ಈ ಎರಡು ವಾಕ್ಯ ಬಾಯಿಪಾಠ ಇರುತ್ತದೆ.

ಆಕೆ ಬರೆದುಕೊಂಡು ಬಂದದ್ದು ಮೂರು ಪುಟ. ಮನೆಯ ಕಷ್ಟ, ಯಜಮಾನರ ಆರೋಗ್ಯ, ಮೇಲ್ವಿಚಾರಕಿ ಹುದ್ದೆಗೆ ಡಿಗ್ರಿ ಬೇಕಾಗಿರುವುದು, ಫೋನಿನಲ್ಲಿ ಯಾರೋ ಗದರಿಸಿದ್ದು, ಎಲ್ಲವೂ ಇತ್ತು, ಎಲ್ಲವೂ ನಿಜ. ಆದರೆ ನೋಂದಣಿ ಸಂಖ್ಯೆ ಇರಲಿಲ್ಲ, ಪತ್ರಿಕೆಯ ಕೋಡ್ ಇರಲಿಲ್ಲ, ಪರೀಕ್ಷೆ ಯಾವ ತಿಂಗಳು ಬರೆದದ್ದು ಎಂಬುದೂ ಇರಲಿಲ್ಲ. ಅಂತಹ ಕಾಗದ ಓದಿದ ವಿಷಯ ನಿರ್ವಾಹಕನಿಗೆ ಅಯ್ಯೋ ಎನಿಸಬಹುದು. ಆದರೆ ಕಂಪ್ಯೂಟರಿನಲ್ಲಿ ಏನು ಟೈಪ್ ಮಾಡಿ ಹುಡುಕಬೇಕೆಂದು ತಿಳಿಯುವುದಿಲ್ಲ, ಕಾಗದ ಪಕ್ಕಕ್ಕೆ ಹೋಗುತ್ತದೆ.

“ಅಸೈನ್‌ಮೆಂಟ್ ಕೊಟ್ಟಾಗ ಏನಾದರೂ ಚೀಟಿ ಕೊಟ್ಟಿದ್ದರಾ ಅಕ್ಕಾ?” ಎಂದು ಕೇಳಿದೆ. ಚೀಲದ ಒಳಜೇಬಿನಿಂದ ಒಂದು ಅರ್ಧ ಹಾಳೆ ತೆಗೆದರು. ಸೆಂಟರಿನ ಸೀಲು, ದಿನಾಂಕ, ಯಾರದೋ ಚಿಕ್ಕ ರುಜು. ಅವರ ಮೂರು ಪುಟಕ್ಕಿಂತ ಆ ಅರ್ಧ ಹಾಳೆಗೆ ತೂಕ ಹೆಚ್ಚು. ಅದನ್ನು ಮುಂದಿಟ್ಟುಕೊಂಡು ಹೊಸ ಕಾಗದ ಬರೆದೆವು. ಮೇಲೆ ಹೆಸರು, ನೋಂದಣಿ ಸಂಖ್ಯೆ, ಕೋರ್ಸು, ಅಧ್ಯಯನ ಕೇಂದ್ರ. ‘ಇವರಿಗೆ’ ಎಂಬಲ್ಲಿ ಕುಲಸಚಿವರು (ಮೌಲ್ಯಮಾಪನ). ‘ವಿಷಯ’ ಎಂಬಲ್ಲಿ ಒಂದೇ ಸಾಲು: ಸಮಾಜಶಾಸ್ತ್ರ ಪತ್ರಿಕೆಯ ಆಂತರಿಕ ಅಂಕ ನಮೂದಿಸಿ ಫಲಿತಾಂಶ ಪ್ರಕಟಿಸುವ ಬಗ್ಗೆ. ‘ಉಲ್ಲೇಖ’ದಲ್ಲಿ ಅಸೈನ್‌ಮೆಂಟ್ ಸ್ವೀಕೃತಿಯ ದಿನಾಂಕ. ಒಳಗೆ, ಯಾವಾಗ ಸಲ್ಲಿಸಿದೆ, ಪರೀಕ್ಷೆ ಯಾವಾಗ ಬರೆದೆ, ಫಲಿತಾಂಶದಲ್ಲಿ ಏನು ಬಂದಿದೆ ಎಂಬ ಮೂರೇ ಸಂಗತಿ. ಕೊನೆಗೆ, ಅಂಕ ನಮೂದಿಸಲು ಸಾಧ್ಯವಿಲ್ಲದಿದ್ದರೆ ಕಾರಣ ತಿಳಿಸಿ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ನೀಡಬೇಕೆಂಬ ಕೋರಿಕೆ. ಸ್ವೀಕೃತಿಯ ಜೆರಾಕ್ಸ್ ಲಗತ್ತು, ಅಸಲು ಮನೆಯಲ್ಲಿ. ಯಜಮಾನರ ಆರೋಗ್ಯದ ವಿಷಯ ಬಿಟ್ಟದ್ದಕ್ಕೆ ಆಕೆಗೆ ಸ್ವಲ್ಪ ಬೇಸರವೇ ಆಯಿತು.

ಹಿಂಬರಹ ಬಂತು. ಸೆಂಟರಿನವರು ಅಂಕಪಟ್ಟಿಯ ಒಂದು ಹಾಳೆಯನ್ನೇ ಕಳಿಸಿರಲಿಲ್ಲ ಎಂದು ಅದರಲ್ಲಿತ್ತು. ಅದರ ಪ್ರತಿ ಹಿಡಿದು ಸೆಂಟರಿಗೆ ಹೋದಾಗ ‘ಹೆಡ್ಡಾಫೀಸಿನ್ಯಾಗ ಕೇಳ್ರಿ’ ಎಂಬ ಮಾತು ಮತ್ತೆ ಬರಲಿಲ್ಲ. ಹಿಂಬರಹದ ಬೆಲೆ ಇಲ್ಲಿದೆ. ‘ಆಗುವುದಿಲ್ಲ’ ಎಂಬ ಉತ್ತರವನ್ನಾದರೂ ಸಹಿ ಹಾಕಿ ಕೊಟ್ಟರೆ ನಮಗೆ ಲಾಭವೇ, ಏಕೆಂದರೆ ಅದರ ಮೇಲೆ ಮೇಲ್ಮನವಿ ಹಾಕಬಹುದು. ಉತ್ತರವೇ ಕೊಡದೆ ಸುಮ್ಮನಿರುವುದು ಕಚೇರಿಗಳಿಗೆ ಯಾವಾಗಲೂ ಕ್ಷೇಮ. ಒಳಗಿದ್ದವನಾಗಿ ಇದನ್ನು ಹೇಳುತ್ತಿದ್ದೇನೆ.

ಕಾಗದವನ್ನು ಮುದ್ದಾಂ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ವಿಭಾಗದ ಸೀಲು ಹಾಕಿಸಿಕೊಳ್ಳಿ, ಆವಕ ಸಂಖ್ಯೆ ಬರೆಸಿಕೊಳ್ಳಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಆ ರಸೀದಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಆದ್ದರಿಂದ ಅವತ್ತೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಇ-ಮೇಲ್ ಆದರೆ ಕಳಿಸಿದ ದಿನಾಂಕ ತಾನಾಗಿಯೇ ಉಳಿಯುತ್ತದೆ. ನೆನಪೋಲೆ ಬರೆಯುವಾಗ ಹೊಸದಾಗಿ ಕಥೆ ಶುರು ಮಾಡಬೇಡಿ, ಹಳೆಯ ಕಾಗದದ ದಿನಾಂಕವನ್ನು ಉಲ್ಲೇಖದಲ್ಲಿ ಹಾಕಿದರೆ ಸಾಕು. ಇನ್ನೊಂದು ಮಾತು: ಒಂದು ಕಾಗದಕ್ಕೆ ಒಂದೇ ವಿಷಯ. ಪುಸ್ತಕ ಬಂದಿಲ್ಲ ಎಂಬುದು ಒಂದು ವಿಭಾಗದ ಕೆಲಸ, ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ ಎಂಬುದು ಇನ್ನೊಂದರದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಮೊದಲು ಯಾರ ಕೈಗೆ ಸಿಕ್ಕಿತೋ ಅವರು ತಮ್ಮ ಭಾಗ ನೋಡಿ ಕಡತ ಮುಗಿಸುತ್ತಾರೆ.

ಇನ್ನು ಯಾರಿಗೆ ಬರೆಯಬೇಕು ಎಂಬ ಪ್ರಶ್ನೆ. ಸಿಟ್ಟಿನಲ್ಲಿ ನಾವೆಲ್ಲ ನೇರ ಮೇಲಕ್ಕೇ ಬರೆಯುತ್ತೇವೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರು ಕುಲಾಧಿಪತಿಗಳೆಂದು ಗೊತ್ತಿದ್ದವರು ರಾಜಭವನಕ್ಕೆ ಬರೆಯುತ್ತಾರೆ, ಗೊತ್ತಿಲ್ಲದವರು ಮುಖ್ಯಮಂತ್ರಿಗಳಿಗೆ. ಆ ಕಾಗದ ಅಲ್ಲಿಂದ ‘ನಿಯಮಾನುಸಾರ ಕ್ರಮಕ್ಕಾಗಿ’ ಎಂಬ ಮುಖಪತ್ರ ಹೊತ್ತು ಇಲಾಖೆಗೆ, ಇಲಾಖೆಯಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ವಿಭಾಗಕ್ಕೆ ಇಳಿದು, ಕೊನೆಗೆ ಮೊದಲೇ ಕೊಡಬೇಕಾಗಿದ್ದ ಮೇಜಿಗೇ ಬಂದು ಬೀಳುತ್ತದೆ. ಮಧ್ಯೆ ವಾರಗಟ್ಟಲೆ ಕಳೆದಿರುತ್ತದೆ. ಅಂಕ, ಫಲಿತಾಂಶ, ಮರುಮೌಲ್ಯಮಾಪನ ಕುಲಸಚಿವರು (ಮೌಲ್ಯಮಾಪನ) ಅವರ ಕೆಲಸ. ಪ್ರವೇಶ, ಶುಲ್ಕ, ಮೂಲ ದಾಖಲೆ ಇತ್ಯಾದಿ ಆಡಳಿತದ ಕುಲಸಚಿವರ ಕಡೆಗೆ. ಇಗ್ನೋದಲ್ಲಿ ಮೊದಲ ಬಾಗಿಲು ಪ್ರಾದೇಶಿಕ ಕೇಂದ್ರ. ಅವರದೇ ‘ಐಗ್ರಾಮ್’ ಎಂಬ ದೂರು ಪೋರ್ಟಲ್ ಕೂಡ ಇದೆ.

ಈ ಮೊದಲ ಮೆಟ್ಟಿಲಲ್ಲಿ ಕೆಲಸವಾಗದಿದ್ದರೆ ಮುಂದೇನು? ಇಲ್ಲಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಹೊರಡಿಸಿದ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ನಿಯಮಾವಳಿ ಬಲವಾಗಿ ನಿಲ್ಲುತ್ತದೆ. ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ಒಬ್ಬ ಪ್ರಾಧ್ಯಾಪಕರು ಅಧ್ಯಕ್ಷರು, ಇನ್ನು ನಾಲ್ವರು ಪ್ರಾಧ್ಯಾಪಕರು ಅಥವಾ ಹಿರಿಯ ಅಧ್ಯಾಪಕರು ಸದಸ್ಯರು, ವಿದ್ಯಾರ್ಥಿಗಳ ಪರವಾಗಿ ಒಬ್ಬರು ವಿಶೇಷ ಆಹ್ವಾನಿತರು. ಒಬ್ಬ ಮಹಿಳೆಯಾದರೂ, ಪರಿಶಿಷ್ಟ ಅಥವಾ ಹಿಂದುಳಿದ ವರ್ಗದ ಒಬ್ಬರಾದರೂ ಅದರಲ್ಲಿರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕೆಂದಿದೆ. ವಿಚಾರಣೆಗೆ ನೀವೇ ಹೋಗಬಹುದು, ನಿಮ್ಮ ಪರವಾಗಿ ಒಬ್ಬರನ್ನು ಕಳಿಸಲೂಬಹುದು. ಬೀದರಿನಿಂದ ಮೈಸೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಲಾಗದವರು ವಿಡಿಯೊ ಮೂಲಕ ಹಾಜರಾಗುತ್ತೇನೆ ಎಂದು ಬರೆದು ಕೇಳುವುದರಲ್ಲಿ ಸಂಕೋಚ ಬೇಡ. ದೂರದಿಂದ ಪಾಠ ಹೇಳಬಲ್ಲವರಿಗೆ ದೂರದಿಂದ ದೂರು ಕೇಳಲೂ ಬರಬೇಕಲ್ಲ!

ಯಾವುದನ್ನೆಲ್ಲ ದೂರಬಹುದು? ಪ್ರಾಸ್ಪೆಕ್ಟಸ್‌ನಲ್ಲಿ ಇಲ್ಲದ್ದನ್ನು ಇದೆಯೆಂದು ಬರೆದಿದ್ದರೆ, ನಿಗದಿಗಿಂತ ಹೆಚ್ಚು ಹಣ ಕೇಳಿದರೆ, ಮೂಲ ಪ್ರಮಾಣಪತ್ರ ಹಿಡಿದಿಟ್ಟುಕೊಂಡರೆ, ಪರೀಕ್ಷೆ ಅಥವಾ ಫಲಿತಾಂಶ ವೇಳಾಪಟ್ಟಿ ಮೀರಿ ತಡವಾದರೆ, ಶುಲ್ಕ ವಾಪಸಾತಿ ಎಳೆದಾಡಿದರೆ, ಮೌಲ್ಯಮಾಪನದಲ್ಲಿ ಅನ್ಯಾಯವಾದರೆ, ಜಾತಿ, ಲಿಂಗ, ಅಂಗವೈಕಲ್ಯದ ಹೆಸರಿನಲ್ಲಿ ಭೇದ ಮಾಡಿದರೆ. ದೂರು ಕೊಟ್ಟದ್ದಕ್ಕೆ ಕಿರುಕುಳವಾದರೆ ಅದು ಮತ್ತೊಂದು ದೂರಿಗೆ ವಿಷಯ. ದೂರು ಕೊಟ್ಟರೆ ಫೇಲ್ ಮಾಡಿಬಿಡುತ್ತಾರೆ ಎಂಬ ಭಯ ನಮ್ಮಲ್ಲಿ ಬಹಳ. ಆದರೆ ನಿಮ್ಮ ದೂರನ್ನು ನೋಡುವ ಗುಮಾಸ್ತರೂ ನಿಮ್ಮ ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರೂ ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಗೊತ್ತಿರುವುದೇ ಅಪರೂಪ. ದೂರ ಶಿಕ್ಷಣದ ಅಪರಿಚಿತತನ ಇಲ್ಲಾದರೂ ನಮ್ಮ ಅನುಕೂಲಕ್ಕಿದೆ.

ಸಮಿತಿಯ ತೀರ್ಮಾನ ಸರಿಬರಲಿಲ್ಲ ಎಂದಾದರೆ, ಅದು ಕೈಗೆ ಸಿಕ್ಕ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಇವರು ನಿವೃತ್ತ ಕುಲಪತಿ, ಅನುಭವಿ ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರಾಗಿರಬೇಕು. 30 ದಿನದೊಳಗೆ ಇತ್ಯರ್ಥಪಡಿಸಬೇಕು. ಒಂದು ಮಿತಿ ನೆನಪಿರಲಿ: ‘ನನಗೆ ಅಂಕ ಕಡಿಮೆ ಬಂದಿದೆ, ಮತ್ತೊಮ್ಮೆ ತಿದ್ದಿಸಿ’ ಎಂಬ ಮೇಲ್ಮನವಿಯನ್ನು ಅವರು ಮುಟ್ಟುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರವೂ ಅವರಿಗಿದೆ. ಅವರ ಶಿಫಾರಸನ್ನು ಸಂಸ್ಥೆ ಮತ್ತೆ ಮತ್ತೆ ಕಡೆಗಣಿಸಿದರೆ ಯುಜಿಸಿ ಅನುದಾನ ತಡೆಯಬಹುದು, ದೂರ ಶಿಕ್ಷಣ ನಡೆಸುವ ಅರ್ಹತೆಯನ್ನೇ ಸ್ವಲ್ಪ ಕಾಲ ಕಿತ್ತುಕೊಳ್ಳಬಹುದು. ಮುಕ್ತ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ದೊಡ್ಡ ಹೆದರಿಕೆ ಯಾವುದಿದೆ?

ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ಏರ್ಪಾಡು ನೆಲದ ಮೇಲೆ ಹಾಗೇ ಇದೆ ಎಂದು ನಾನು ಹೇಳಲಾರೆ. ಓಂಬುಡ್ಸ್‌ಪರ್ಸನ್ ನೇಮಿಸದ ನೂರೈವತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ಹೆಸರನ್ನು 2024ರಲ್ಲಿ ಯುಜಿಸಿಯೇ ಪ್ರಕಟಿಸಬೇಕಾಗಿ ಬಂತು. ನಿಮ್ಮ ಸಂಸ್ಥೆಯ ಜಾಲತಾಣದಲ್ಲಿ ಸಮಿತಿಯ ಸದಸ್ಯರ ಹೆಸರು, ಓಂಬುಡ್ಸ್‌ಪರ್ಸನ್ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಅದೇ ಮೊದಲ ದೂರು. ಯುಜಿಸಿಯ ‘ಇ-ಸಮಾಧಾನ್’ ಪೋರ್ಟಲ್‌ನಲ್ಲಿ ಅದನ್ನು ದಾಖಲಿಸಬಹುದು. ಇಗ್ನೋ ಕೇಂದ್ರದ ಸಂಸ್ಥೆ, ಹೈಸ್ಕೂಲು-ಪಿಯುಸಿ ಮಟ್ಟದ ಮುಕ್ತ ಶಾಲೆ ಎನ್‌ಐಒಎಸ್ ಕೂಡ ಕೇಂದ್ರದ್ದೇ, ಆದ್ದರಿಂದ ಇವುಗಳ ದೂರಿಗೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್ ತೆರೆದಿದೆ. ರಾಜ್ಯದ ಸಂಸ್ಥೆಗಳಿಗೆ ‘ಜನಸ್ಪಂದನ’, ಅದರ ಸಹಾಯವಾಣಿ 1902. ಪೋರ್ಟಲ್ ಯಾವುದೇ ಆಗಲಿ, ಕೊಡುವ ದೂರು ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ‘ಇತ್ಯರ್ಥವಾಗಿದೆ’ ಎಂಬ ಮೆಸೇಜು ಬಂದಾಕ್ಷಣ ಕೆಲಸವಾಯಿತೆಂದು ತಿಳಿಯಬೇಡಿ. ಒಳಗೆ ಹೋಗಿ ಉತ್ತರ ಓದಿ, ಒಪ್ಪಿಗೆಯಾಗದಿದ್ದರೆ ಮೇಲ್ಮನವಿಯ ಗುಂಡಿ ಒತ್ತಿ.

ಇದೆಲ್ಲದರ ಜೊತೆಗೆ ನನಗೆ ಅತಿ ಹೆಚ್ಚು ನಂಬಿಕೆಯಿರುವುದು ಮಾಹಿತಿ ಹಕ್ಕು ಕಾಯ್ದೆಯ ಮೇಲೆ. 2005ರ ಈ ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದ ಒಂದು ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ 10 ರೂಪಾಯಿಯೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ನನ್ನ ರಿಸಲ್ಟ್ ಯಾಕೆ ಕೊಟ್ಟಿಲ್ಲ?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂದು ವಾಪಸು ಬರೆಯುತ್ತಾರೆ, ಅದಕ್ಕೆ ಅವರ ಬಳಿ ಸಿದ್ಧ ವಾಕ್ಯವಿದೆ. ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಗಳ ದೃಢೀಕೃತ ಪ್ರತಿ, ಕಡತ ಈಗ ಯಾವ ಅಧಿಕಾರಿಯ ಬಳಿ ಇದೆ, ಅವರ ಹೆಸರು ಮತ್ತು ಹುದ್ದೆ’ ಎಂದು ಕೇಳಿ. ಧೂಳು ಹಿಡಿದ ಕಡತ ಈ ಪ್ರಶ್ನೆಗೆ ಏಳುತ್ತದೆ. ಹೆಸರು ಕೊಡಬೇಕಾದವರು ಕೊಡುವ ಮುಂಚೆ ಕೆಲಸವನ್ನೇ ಮುಗಿಸಿಬಿಡುವುದು ನಾನು ಕಂಡ ವಾಡಿಕೆ. ಉತ್ತರ ಬರದಿದ್ದರೆ 30 ದಿನದೊಳಗೆ ಅದೇ ಸಂಸ್ಥೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಉತ್ತರಪತ್ರಿಕೆಯನ್ನೂ ಹೀಗೇ ನೋಡಬಹುದು. ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆ ಬರೆದವರಿಗೆ ತಮ್ಮ ಮೌಲ್ಯಮಾಪನಗೊಂಡ ಉತ್ತರಪತ್ರಿಕೆ ನೋಡುವ, ಪ್ರತಿ ಪಡೆಯುವ ಹಕ್ಕಿದೆ ಎಂದು ಹೇಳಿತು. ಆದರೆ ಸಂಸ್ಥೆ ಅದನ್ನು ತನ್ನ ನಿಯಮದಂತೆ ಎಷ್ಟು ಕಾಲ ಇಟ್ಟುಕೊಂಡಿರುತ್ತದೋ ಅಷ್ಟರೊಳಗೆ ಕೇಳಬೇಕು. ರದ್ದಿಗೆ ಹೋದ ಮೇಲೆ ಹಕ್ಕು ಇದ್ದೂ ಪ್ರಯೋಜನವಿಲ್ಲ. ಫಲಿತಾಂಶದಲ್ಲಿ ಅನುಮಾನವಿದ್ದರೆ ಮರುಮೌಲ್ಯಮಾಪನದ ಕೊನೆಯ ದಿನಾಂಕ ಕಾಯುತ್ತ ಕೂರದೆ ಅದೇ ವಾರ ಅರ್ಜಿ ಹಾಕಿ.

ಇಷ್ಟು ಹೊತ್ತು ಹೇಳಿದ್ದು ಮಾನ್ಯತೆಯಿರುವ ಸಂಸ್ಥೆಯ ಮಾತು. ಕೋರ್ಸಿಗೇ ಮಾನ್ಯತೆ ಇಲ್ಲದಿದ್ದರೆ ಕಥೆಯೇ ಬೇರೆ, ಆಗ ಯಾವ ಕಾಗದವೂ ಪೂರ್ತಿ ಪರಿಹಾರ ತರಲಾರದು. ಕನ್ನಡಿಗರಿಗೆ ಇದು ಹೊಸ ವಿಷಯವಲ್ಲ. 2015ರ ಜೂನ್‌ನಲ್ಲಿ ಯುಜಿಸಿ, ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2012-13ರ ಆಚೆಗೆ ಮಾನ್ಯತೆ ಇಲ್ಲ ಎಂದು ಪ್ರಕಟಿಸಿತು. ಹೊರಗಿನ ಸಂಸ್ಥೆಗಳ ಜೊತೆ ಸೇರಿ, ರಾಜ್ಯದ ಗಡಿಯಾಚೆ, ಅನುಮತಿಯಿಲ್ಲದ ಕೋರ್ಸು ನಡೆಸಿದ್ದು ಮುಖ್ಯ ಆಕ್ಷೇಪ. ಆ ಕೋರ್ಸುಗಳ ಹತ್ತಿರಕ್ಕೂ ಹೋಗದೆ ಮೈಸೂರಿನಲ್ಲೇ ಕನ್ನಡ ಎಂ.ಎ. ಓದಿದವರೂ ಕೈಯಲ್ಲಿ ಅಂಕಪಟ್ಟಿ ಹಿಡಿದುಕೊಂಡು ನೌಕರಿಗೆ ಅರ್ಜಿ ಹಾಕಲಾಗದೆ ನಿಂತರು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಿದವರು ವಿದ್ಯಾರ್ಥಿಗಳೇ.

ದೂರ ಶಿಕ್ಷಣಕ್ಕೆ ಯುಜಿಸಿಯ ಈಗಿನ ನಿಯಮ 2020ರದು. ಫ್ರಾಂಚೈಸಿ ಕೊಟ್ಟು ದೂರ ಶಿಕ್ಷಣ ನಡೆಸುವುದಕ್ಕೆ ಅದರಲ್ಲಿ ಅವಕಾಶವಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳನ್ನು ದೂರ ಶಿಕ್ಷಣದಲ್ಲಿ ಕೊಡುವಂತಿಲ್ಲ. ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಯಾವ ವರ್ಷಕ್ಕೆ ಮಾನ್ಯತೆಯಿದೆ ಎಂಬುದನ್ನು ಯುಜಿಸಿಯ ದೂರ ಶಿಕ್ಷಣ ಬ್ಯೂರೊ ತನ್ನ ತಾಣದಲ್ಲಿ ಹಾಕುತ್ತದೆ. 2024ರಿಂದ ಪ್ರವೇಶ ಪಡೆಯುವ ಪ್ರತಿ ವಿದ್ಯಾರ್ಥಿಯೂ ಆ ಬ್ಯೂರೊದ ಡಿಇಬಿ ಐಡಿ ಮಾಡಿಸಿಕೊಳ್ಳಬೇಕು. “ಐಡಿ ಗೀಡಿ ಏನೂ ಬೇಡ ಸಾರ್, ನಾವೇ ಎಲ್ಲಾ ನೋಡ್ಕೋತೀವಿ, ಒಂದೇ ವರ್ಷದಲ್ಲಿ ಡಿಗ್ರಿ” ಎಂದು ಬಸ್ ಸ್ಟ್ಯಾಂಡಿನ ಮೇಲಂತಸ್ತಿನ ಅಡ್ಮಿಷನ್ ಸೆಂಟರಿನವರು ಹೇಳಿದರೆ ಬಂದ ಮೆಟ್ಟಿಲಲ್ಲೇ ಇಳಿಯಿರಿ. ಈಗಾಗಲೇ ಅಂಥವರ ಖಾಸಗಿ ನಂಬರಿಗೆ ಫೋನ್‌ಪೇ ಮಾಡಿದ್ದರೆ, ಅದು ವಿಶ್ವವಿದ್ಯಾಲಯಕ್ಕೆ ಬರೆದು ಸರಿಹೋಗುವ ವಿಷಯವಲ್ಲ, ಪೊಲೀಸ್ ಠಾಣೆಯ ವಿಷಯ. ಆನ್‌ಲೈನ್ ವಂಚನೆಯಾದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಗ್ರಾಹಕರ ವೇದಿಕೆಗೆ ಹೋಗಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ವಿಶ್ವವಿದ್ಯಾಲಯದ ಮೇಲಾದರೆ ಅಲ್ಲಿ ದಾರಿ ಕಿರಿದು. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಕೋಚಿಂಗ್ ಸಂಸ್ಥೆಗಳು ಬರುತ್ತವೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ.

ಕೊನೆಯ ಬಾಗಿಲು ಹೈಕೋರ್ಟು. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಧಾರವಾಡದಲ್ಲಿ, ಕಲಬುರಗಿಯಲ್ಲಿ ಪೀಠಗಳಿವೆ. ರಿಟ್ ಅರ್ಜಿ ಹಾಕಿದಾಗ ವಕೀಲರು ಮೊದಲು ಕೇಳುವುದು, ಸಂಸ್ಥೆಗೆ ಬರೆದು ಕೊಟ್ಟಿದ್ದೀರಾ, ಸ್ವೀಕೃತಿ ಇದೆಯಾ ಎಂದು. ಕೊಟ್ಟ ಮನವಿಯನ್ನು ಇಷ್ಟು ವಾರದೊಳಗೆ ಪರಿಗಣಿಸಿ ಆದೇಶ ಮಾಡಿ ಎಂದು ಕೋರ್ಟು ವಿಶ್ವವಿದ್ಯಾಲಯಕ್ಕೆ ಹೇಳುವುದುಂಟು. ಮನವಿಯನ್ನೇ ಕೊಟ್ಟಿರದಿದ್ದರೆ ಕೋರ್ಟಾದರೂ ಯಾವುದನ್ನು ಪರಿಗಣಿಸಲು ಹೇಳಬೇಕು? ವಕೀಲರ ಫೀಸಿನ ಚಿಂತೆ ಎಲ್ಲರಿಗೂ ಇರುವಂಥದ್ದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿಯಿದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ, ಸಹಾಯವಾಣಿ 15100. ಹೋಗುವಾಗ ಸ್ವೀಕೃತಿಗಳು, ಸ್ಪೀಡ್ ಪೋಸ್ಟ್ ರಸೀದಿಗಳ ಫೋಟೊ, ಬಂದಿದ್ದರೆ ಹಿಂಬರಹ, ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ ಒಂದು ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ನೆರವಿನ ಅರ್ಜಿ ನಮೂನೆ ಅಲ್ಲೇ ಕೊಡುತ್ತಾರೆ.